ಮೀಟರ್ ಕೆಟ್ಟಿಲ್ಲ, ಬೆಟ್ಟದ್ದೂ ತಪ್ಪಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಟೆನ್ಷನ್, ವಾಕಿಂಗ್, ಹಾರ್ಮೋನು ಇವುಗಳ ಸುತ್ತಲೇ ಇವೆ. ಮೈಸೂರಿನಿಂದ ಮಂಡ್ಯದ ಕ್ಲಿನಿಕ್ಕಿಗೆ ನಾನು ವಾರಕ್ಕೆ ಮೂರು ದಿನ ರೈಲಿನಲ್ಲಿ ಹೋಗುವವಳು. ನಿಮ್ಮ ಪತ್ರಗಳನ್ನು ಓದುವುದೂ ಆ ಗಾಡಿಯಲ್ಲೇ. ಒಂದನ್ನು ಓದಿ ಜೋರಾಗಿ ನಕ್ಕುಬಿಟ್ಟೆ, ಎದುರಿಗೆ ಕೂತಿದ್ದ ಸೊಪ್ಪಿನ ಬುಟ್ಟಿಯ ಅಜ್ಜಿ ಏನಾಯ್ತವ್ವಾ ಅಂದರು. ಅದರಿಂದಲೇ ಶುರು ಮಾಡುತ್ತೇನೆ.

ಪ್ರಶ್ನೆ: ನನಗೆ 47 ವರ್ಷ, ಮೈಸೂರಿನಲ್ಲಿ ಸರ್ಕಾರಿ ಕಚೇರಿಯಲ್ಲಿ ಕೆಲಸ. ಸಕ್ಕರೆ ಕಾಯಿಲೆ ಬಂದು ಮೂರು ವರ್ಷ. ಮೆಟ್‌ಫಾರ್ಮಿನ್ ಮಾತ್ರೆ ಒಂದೇ. ಎರಡು ತಿಂಗಳಿಂದ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೇನೆ, ಎಲ್ಲೂ ನಿಲ್ಲದೆ, ಒಂದೇ ಉಸಿರಿಗೆ. ಹೊರಡುವ ಮುಂಚೆ ಶುಗರ್ 138 ಇರುತ್ತದೆ. ಮೇಲೆ ದರ್ಶನ ಮುಗಿಸಿ, ಪ್ರಸಾದದ ಕಲ್ಲುಸಕ್ಕರೆಯನ್ನು ತಿನ್ನದೆ ಜೇಬಿಗೆ ಹಾಕಿಕೊಂಡು ಅಲ್ಲೇ ಮೀಟರಿನಲ್ಲಿ ನೋಡಿದರೆ 181. ಮೂರು ಸಲ ಹೀಗೇ ಆಯಿತು. ಮೀಟರ್ ಕೆಟ್ಟಿದೆಯೋ, ಬೆಟ್ಟ ನನಗೆ ಆಗಿಬರುತ್ತಿಲ್ಲವೋ? ನಮ್ಮ ಮನೆಯವರು 'ಸುಮ್ನೆ ಮಲ್ಕೊಳ್ಳಿ' ಅಂತಿದ್ದಾರೆ.

ಉತ್ತರ: ಮಲಗಬೇಡಿ. ಮೀಟರ್ ಬಹುಶಃ ಕೆಟ್ಟಿಲ್ಲ, ಬೆಟ್ಟದ್ದೂ ತಪ್ಪಿಲ್ಲ. ನಿಮ್ಮ ಲಿವರ್ ತನ್ನ ಕೆಲಸವನ್ನು ಸ್ವಲ್ಪ ಅತಿ ಶ್ರದ್ಧೆಯಿಂದ ಮಾಡಿದೆ.

ನನ್ನದೇ ಪಾಡು ಹೇಳುತ್ತೇನೆ. ಹೋದ ವಾರ ಆಟೋ ಸಿಗದೆ ತಡವಾಯಿತು. ಈ 63ರ ವಯಸ್ಸಿನಲ್ಲಿ ಸೆರಗು ಸಿಕ್ಕಿಸಿಕೊಂಡು ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲನ್ನು ಓಡಿ ಹತ್ತಿದೆ. ಗಾಡಿಯೊಳಗೆ ಕೂತ ಮೇಲೆ ಎದೆ ಡವಡವ, ಬಾಯಿ ಒಣಗಿದೆ, ಬೆರಳು ನಡುಗುತ್ತಿದೆ. ಇದು ಅಡ್ರಿನಲಿನ್. ಎರಡು ಕಿಡ್ನಿಗಳ ನೆತ್ತಿಯ ಮೇಲೆ ಟೋಪಿಯ ಹಾಗೆ ಒಂದೊಂದು ಅಡ್ರಿನಲ್ ಗ್ರಂಥಿ ಕೂತಿರುತ್ತದೆ. ಒಂದೊಂದರ ತೂಕ ನಾಲ್ಕೈದು ಗ್ರಾಂ. ಅದರ ಒಳತಿರುಳಿಗೆ ನರದ ಮೂಲಕ ನೇರ ಸುದ್ದಿ ಹೋಗುತ್ತದೆ, ಹಾಗಾಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಅಡ್ರಿನಲಿನ್ ಸುರಿಯುತ್ತದೆ. ಬಂದಷ್ಟೇ ಬೇಗ ಹೋಗುತ್ತದೆ ಕೂಡ. ಎರಡು ಮೂರು ನಿಮಿಷದಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ಗಾಡಿ ನಾಗನಹಳ್ಳಿ ದಾಟುವಷ್ಟರಲ್ಲಿ ನನ್ನ ಎದೆ ಸಮಾಧಾನಕ್ಕೆ ಬಂದಿತ್ತು.

ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಹೀಗಲ್ಲ, ನಿಧಾನಸ್ಥ. ಮಿದುಳಿನ ಹೈಪೋಥಲಾಮಸ್ ತನ್ನ ಕೆಳಗೆ ತೂಗುವ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಗೆ ಹೇಳಬೇಕು. ಪಿಟ್ಯುಟರಿ ರಕ್ತದ ಮೂಲಕ ಅಡ್ರಿನಲ್‌ಗೆ ಹೇಳಿಕಳಿಸಬೇಕು. ಅಡ್ರಿನಲ್‌ನ ಹೊರಪದರ ಆಮೇಲೆ ಕೂತು ಕಾರ್ಟಿಸಾಲ್ ತಯಾರಿಸಬೇಕು. ಕಡತ ಮೇಜಿನಿಂದ ಮೇಜಿಗೆ ಹೋಗುವ ದಾರಿ, ನಿಮಗೆ ನಾನು ವಿವರಿಸಬೇಕಾಗಿಲ್ಲ. ಗಾಬರಿಯಾದ 20-30 ನಿಮಿಷದ ಮೇಲೆ ಅದು ಏರಿ ನಿಲ್ಲುತ್ತದೆ. ಅಂದರೆ ಗಾಡಿ ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವಾಗ, ಓಡಿದ್ದು ಮರೆತು ನಾನು ಹೊಳೆ ನೋಡುತ್ತ ಕೂತಿರುವಾಗ, ನನ್ನ ಕಾರ್ಟಿಸಾಲ್ ನೆತ್ತಿಗೇರಿರುತ್ತದೆ. ಅದು ಅರ್ಧಕ್ಕಿಳಿಯಲು ಒಂದು, ಒಂದೂವರೆ ಗಂಟೆ ಬೇಕು. ಮಂಡ್ಯದಲ್ಲಿ ಇಳಿದು ಮೊದಲ ರೋಗಿಯ ನಾಡಿ ಹಿಡಿಯುವಾಗಲೂ ನನ್ನ ರಕ್ತದಲ್ಲಿ ಮೇಲ್ಸೇತುವೆಯ ಓಟ ಇನ್ನೂ ನಡೆಯುತ್ತಿರುತ್ತದೆ.

ಇವೆರಡೂ ಲಿವರ್‌ಗೆ ಹೇಳುವುದು ಒಂದೇ ಮಾತು: ರಕ್ತಕ್ಕೆ ಸಕ್ಕರೆ ಬಿಡು. ಅಡ್ರಿನಲಿನ್ ಕಣಜ ತೆಗೆಸುತ್ತದೆ, ಕಾರ್ಟಿಸಾಲ್ ಹೊಸ ಸಕ್ಕರೆ ಮಾಡಿಸುತ್ತದೆ. ಲಿವರ್‌ನಲ್ಲಿ ಹೊಟ್ಟೆ ತುಂಬ ಉಂಡವರಿಗೆ ಸುಮಾರು 100 ಗ್ರಾಂ ಸಕ್ಕರೆ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುತ್ತದೆ. ಅದನ್ನು ಒಡೆದು ರಕ್ತಕ್ಕೆ ಬಿಡುವುದು ಕಾಲಿನ ಸ್ನಾಯುಗಳಿಗಾಗಿ, ಓಡಲಿ ಅಥವಾ ಹೊಡೆದಾಡಲಿ ಎಂದು. 1911ರಲ್ಲಿ ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್ ಬೆಕ್ಕಿನ ಎದುರು ನಾಯಿ ಬೊಗಳಿಸಿ, ಹೆದರಿದ ಬೆಕ್ಕಿನ ರಕ್ತಕ್ಕೆ ಅಡ್ರಿನಲ್ ರಸ ಬಂದು ಸೇರಿದ್ದನ್ನು ತೋರಿಸಿದ್ದರು. ಬೆಕ್ಕಿಗೆ ಸರಿ, ಅದು ಗೋಡೆ ಹಾರುತ್ತದೆ, ಸಕ್ಕರೆ ಖರ್ಚಾಗುತ್ತದೆ. ನಿಮ್ಮ ಮೇಲಧಿಕಾರಿ ಕೂಗಿದಾಗಲೂ ಇದೇ ಕಣಜ ತೆರೆಯುತ್ತದೆ. ಆದರೆ ಕಾಲು ಮೇಜಿನ ಕೆಳಗೇ ಇರುತ್ತದೆ. ಸಕ್ಕರೆ ಹೋಗುವುದೆಲ್ಲಿಗೆ?

ಬೆಟ್ಟದಲ್ಲಿ ಕಾಲು ಆಡುತ್ತಿದೆಯಲ್ಲ, ಮತ್ತೇಕೆ ಏರಿತು ಎಂದರೆ, ವೇಗಕ್ಕೆ. ನಮ್ಮ ಗರಿಷ್ಠ ಶಕ್ತಿಯ ಶೇಕಡ 40ರ ಆಸುಪಾಸಿನಲ್ಲಿ ನಡೆದರೆ ಕಾರ್ಟಿಸಾಲ್ ಏರುವುದಿಲ್ಲ, ತುಸು ಇಳಿಯಲೂಬಹುದು. 60 ದಾಟಿತೋ, ಏರತೊಡಗುತ್ತದೆ. ಒಂದೇ ಉಸಿರಿಗೆ ಸಾವಿರ ಮೆಟ್ಟಿಲು ಹತ್ತುವವರಿಗೆ ಇನ್ನೂ ಮೇಲೆ. ಆಗ ಸ್ನಾಯು ಹೀರಿಕೊಳ್ಳುವುದಕ್ಕಿಂತ ಹೆಚ್ಚು ಸಕ್ಕರೆಯನ್ನು ಲಿವರ್ ಸುರಿಯುತ್ತದೆ. ಸಾಲದ್ದಕ್ಕೆ ಹೊತ್ತೂ ಬೆಳಗಿನದು. ಕಾರ್ಟಿಸಾಲ್ ನಡುರಾತ್ರಿ ತಳ ಮುಟ್ಟಿ, ಬೆಳಗಿನ ಜಾವ ಏರುತ್ತ ಬಂದು, ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಇಡೀ ದಿನದಲ್ಲೇ ಎತ್ತರಕ್ಕೆ ಹೋಗುತ್ತದೆ. ನೀವು ಏರುವ ಹೊತ್ತಿಗೆ ಅದೂ ಏರುತ್ತಿರುತ್ತದೆ.

ಇನ್ನೊಂದು ವಿಷಯ. ಪ್ರಸಾದ ತಿನ್ನದೆ ಜೇಬಿಗೆ ಹಾಕಿಕೊಂಡ ನಿಮ್ಮ ಶಿಸ್ತನ್ನು ಮೆಚ್ಚಿದೆ. ನಕ್ಕದ್ದು ಅಲ್ಲೇ. ಕಲ್ಲುಸಕ್ಕರೆ ಮುಟ್ಟಿದ ಬೆರಳನ್ನು ತೊಳೆದು ಚುಚ್ಚಿಕೊಂಡಿರೋ ಇಲ್ಲವೋ? ಬೆರಳ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಕ್ಕರೆ ಇದ್ದರೂ ಮೀಟರ್ ಅದನ್ನು ನಿಮ್ಮ ರಕ್ತದ ಲೆಕ್ಕಕ್ಕೇ ಬರೆಯುತ್ತದೆ. ಬಾಳೆಹಣ್ಣು ಸುಲಿದ ಕೈಯೂ ಹೀಗೇ ಮೋಸ ಮಾಡುತ್ತದೆ. ನೀರಿನಲ್ಲಿ ತೊಳೆದು, ಒರೆಸಿ, ಆಮೇಲೆ ಚುಚ್ಚಿ.

ಒಂದು ವಾರ ಹೀಗೆ ಮಾಡಿ ನೋಡಿ. ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು, ಆ ಹದದಲ್ಲಿ ಹತ್ತಿ. ನಂದಿಯ ಹತ್ತಿರ ಕೂತು ಹತ್ತು ನಿಮಿಷ ಊರು ನೋಡಿ. ಮೇಲೆ ಹೋದ ತಕ್ಷಣ ನೋಡುವ ಬದಲು, ಏನೂ ತಿನ್ನದೆ ಇಳಿದು ಮನೆಗೆ ಬಂದ ಮೇಲೆ ಶುಗರ್ ನೋಡಿ. ಏರಿದ್ದು ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಅದಕ್ಕಿಂತ ದೊಡ್ಡ ಲಾಭ ಮೀಟರಿಗೆ ಆ ಹೊತ್ತಿಗೆ ಕಾಣುವುದಿಲ್ಲ. ದುಡಿಯುವ ಸ್ನಾಯು ಇನ್ಸುಲಿನ್ ಬಂದು ಬಾಗಿಲು ತಟ್ಟಲಿ ಎಂದು ಕಾಯುವುದಿಲ್ಲ, ಸಕ್ಕರೆ ಒಳಗೆಳೆಯುವ ದ್ವಾರಗಳನ್ನು ತಾನೇ ತೆರೆದುಕೊಳ್ಳುತ್ತದೆ. ದುಡಿದ ಮೇಲೂ ಒಂದೆರಡು ದಿನ ಇನ್ಸುಲಿನ್ ಮಾತನ್ನು ಚೆನ್ನಾಗಿ ಕೇಳುತ್ತದೆ. ನೀವು ನೋಡಬೇಕಾದ ಅಂಕಿ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ, ಬೆಟ್ಟದ ಮೇಲಿನ 181 ಅಲ್ಲ. ಎದೆ ಹಿಡಿದಂತಾಗುವುದು, ದವಡೆಗೆ ಅಥವಾ ಎಡಗೈಗೆ ನೋವು ಇಳಿಯುವುದು ಇದ್ದರೆ ಮಾತ್ರ ಬೆಟ್ಟ ಬಿಟ್ಟು ಮೊದಲು ಹೃದಯ ತೋರಿಸಿ. ಇದನ್ನು ಓದುತ್ತಿರುವವರಲ್ಲಿ ಗ್ಲಿಮಿಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅಪಾಯ ಉಲ್ಟಾ, ಶುಗರ್ ಕೆಳಗೆ ಬೀಳುವುದು. ಅವರು ಆ ಕಲ್ಲುಸಕ್ಕರೆಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಹತ್ತಬೇಕು.

ನನಗೆ ಸಕ್ಕರೆ ಕಾಯಿಲೆ ಇಲ್ಲ. ಆದರೂ ನಮ್ಮ ಯಜಮಾನರ ಬೈಪಾಸ್ ನಡೆಯುತ್ತಿದ್ದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಸುಮ್ಮನೆ ಚುಚ್ಚಿ ನೋಡಿಕೊಂಡಿದ್ದೆ. ಬೆಳಗಿನಿಂದ ಕಾಫಿ ಕೂಡ ಕುಡಿದಿರಲಿಲ್ಲ. ಬಂದದ್ದು 152. ನಾನು ಒಂದು ಮೆಟ್ಟಿಲೂ ಹತ್ತಿರಲಿಲ್ಲ.

ಪ್ರಶ್ನೆ: ಕೀಲುವಾತಕ್ಕೆ ಎಂಟು ತಿಂಗಳಿಂದ ದಿನಕ್ಕೊಂದು ಪ್ರೆಡ್ನಿಸೊಲೋನ್ ತಗೊಳ್ತಿದ್ದೆ. ಅದು ಸ್ಟೀರಾಯ್ಡ್, ಕೆಟ್ಟದ್ದು ಅಂತ ಯಾರೋ ಹೇಳಿದ ಮೇಲೆ ನಿಲ್ಲಿಸಿ ಯೋಗ ಶುರು ಮಾಡಿದ್ದೇನೆ. ನಾಲ್ಕು ದಿನದಿಂದ ವಿಪರೀತ ಸುಸ್ತು, ವಾಕರಿಕೆ, ಎದ್ದರೆ ತಲೆ ತಿರುಗುತ್ತದೆ. ಯೋಗದಿಂದ ವಿಷ ಹೊರಗೆ ಹೋಗುತ್ತಿದೆಯೇ?

ಉತ್ತರ: ಮದ್ದೂರಿನ ಈ ಓದುಗರಿಗೆ ಪತ್ರಿಕೆಯವರ ಮೂಲಕ ಆವತ್ತೇ ಫೋನು ಮಾಡಿಸಿ ಆಸ್ಪತ್ರೆಗೆ ಕಳಿಸಿದ್ದಾಯಿತು. ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ವಿಷ ಹೋಗುತ್ತಿಲ್ಲ, ಪ್ರಾಣ ಹೋಗಬಹುದಿತ್ತು. ಮಾತ್ರೆಯ ಸ್ಟೀರಾಯ್ಡ್ ಮಾಡುವ ಕೆಲಸ ಕಾರ್ಟಿಸಾಲ್‌ನದೇ. ತಿಂಗಳುಗಟ್ಟಲೆ ಹೊರಗಿನಿಂದ ಬರುತ್ತಿದ್ದರೆ ನಮ್ಮ ಅಡ್ರಿನಲ್ ಕೆಲಸ ಬಿಟ್ಟು ಮಲಗುತ್ತದೆ. ಎಬ್ಬಿಸಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಆ ನಡುವೆ ಮಾತ್ರೆ ದಿಢೀರ್ ನಿಲ್ಲಿಸಿದರೆ ದೇಹದಲ್ಲಿ ಕಾರ್ಟಿಸಾಲ್ ಸಾಲದೆ ಬಿಪಿ ಕುಸಿಯುತ್ತದೆ. ಒಂದು ಜ್ವರ, ಒಂದು ಭೇದಿ ಬಂದರೂ ತಡೆಯುವ ಶಕ್ತಿ ಇರುವುದಿಲ್ಲ. ಬಿಡಬೇಕು ಅನ್ನಿಸಿದರೆ ಬರೆದುಕೊಟ್ಟ ವೈದ್ಯರ ಹತ್ತಿರ ಹೋಗಿ, ಅವರು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಯೋಗ ಮಾಡಿ, ಬೇಡ ಅನ್ನುವುದಿಲ್ಲ.

ಪ್ರಶ್ನೆ: ಮೇಡಂ, ನಾನು ಡಿಗ್ರಿ ಎರಡನೇ ವರ್ಷ, ಮೈಸೂರಿನಲ್ಲಿ ಹಾಸ್ಟೆಲ್. 5000 ಮೀಟರ್ ಓಡುತ್ತೇನೆ. ಬೆಳಿಗ್ಗೆ 10 ಕಿಲೋಮೀಟರ್, ಸಂಜೆ ಮತ್ತೆ ಪ್ರಾಕ್ಟೀಸ್. ತೂಕ ಇಳಿದರೆ ಟೈಮಿಂಗ್ ಚೆನ್ನಾಗಿ ಬರುತ್ತದೆ ಎಂದು ರಾತ್ರಿ ಊಟ ಬಿಟ್ಟಿದ್ದೇನೆ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ಸೀನಿಯರ್‌ಗಳು 'ಓಡೋರಿಗೆ ಅದು ಮಾಮೂಲು, ಒಳ್ಳೇದೇ ಆಯ್ತಲ್ಲ' ಅಂತಾರೆ. ಅಮ್ಮನಿಗೆ ಹೇಳಿಲ್ಲ.

ಉತ್ತರ: ಮಗೂ, ನಿನ್ನ ಸೀನಿಯರ್‌ಗಳು ಹೇಳಿದ್ದರಲ್ಲಿ ಮೊದಲರ್ಧ ನಿಜ, ಓಡುವ ಹುಡುಗಿಯರಲ್ಲಿ ಇದನ್ನು ನೋಡುತ್ತಲೇ ಇರುತ್ತೇವೆ. ಎರಡನೇ ಅರ್ಧ ಸುಳ್ಳು.

ಸ್ಟ್ರೆಸ್ ಎಂಬ ಮಾತನ್ನು ವೈದ್ಯಶಾಸ್ತ್ರದಲ್ಲಿ ಬಳಕೆಗೆ ತಂದವರು ಹಾನ್ಸ್ ಸೆಲ್ಯೆ. 1936ರಲ್ಲಿ ಕೆನಡಾದ ಮಾಂಟ್ರಿಯಲ್‌ನಿಂದ ಒಂದು ಪುಟದಷ್ಟು ಚಿಕ್ಕ ಲೇಖನ ಬರೆದರು. ಇಲಿಗಳನ್ನು ಚಳಿಗೆ ಒಡ್ಡಿದರೂ, ಗಾಯ ಮಾಡಿದರೂ, ವಿಷ ಕೊಟ್ಟರೂ ಕೊನೆಗೆ ಕಾಣುವುದು ಒಂದೇ: ಅಡ್ರಿನಲ್ ದಪ್ಪವಾಗಿರುತ್ತದೆ, ಎದೆಯೊಳಗಿನ ಥೈಮಸ್ ಕುಗ್ಗಿರುತ್ತದೆ, ಹೊಟ್ಟೆಯಲ್ಲಿ ಹುಣ್ಣಾಗಿರುತ್ತದೆ. ಚಳಿ, ಗಾಯ, ವಿಷ ಇರುವ ಆ ಪಟ್ಟಿಯಲ್ಲಿ ಇನ್ನೊಂದೂ ಇತ್ತು, ಮಿತಿಮೀರಿದ ಸ್ನಾಯು ವ್ಯಾಯಾಮ. ನಾನು ಎಂಬಿಬಿಎಸ್ ಓದುವಾಗ ಆ ಸಾಲನ್ನು ಗಮನಿಸಿರಲೇ ಇಲ್ಲ. ವ್ಯಾಯಾಮ ಟೆನ್ಷನ್ನಿಗೆ ಮದ್ದು ಅಂತ ನಾವೆಲ್ಲ ಹೇಳುತ್ತೇವೆ. ದೇಹದ ಲೆಕ್ಕದಲ್ಲಿ ಅದೂ ಒಂದು ಟೆನ್ಷನ್ನೇ. ಉಂಡು, ಮಲಗಿ, ಸುಧಾರಿಸಿಕೊಂಡರೆ ಮಾತ್ರ ಅದು ಬಲವಾಗಿ ಕೂಡುತ್ತದೆ.

ನಿನ್ನಲ್ಲಿ ಆಗುತ್ತಿರುವುದು ಬಹುಶಃ ಇದು. ಓಟಕ್ಕೆ ಖರ್ಚಾಗಿ ಉಳಿದದ್ದರಲ್ಲಿ ಮೈ ನಡೆಸಲು ಆಗುತ್ತಿಲ್ಲ. ಬರಗಾಲ ಬಂದಿದೆ ಎಂದು ಹೈಪೋಥಲಾಮಸ್ ತಿಳಿದುಕೊಂಡಿದೆ. ಬರದಲ್ಲಿ ಮನೆಯ ಹಿರಿಯರು ಮದುವೆ ಮುಂಜಿ ಮುಂದಕ್ಕೆ ಹಾಕುತ್ತಾರಲ್ಲ, ಹಾಗೆ ಅದು ಪಿಟ್ಯುಟರಿಗೆ ಕಳಿಸುವ ಸಂದೇಶ ಕಡಿಮೆ ಮಾಡುತ್ತದೆ. ಅಂಡಾಶಯ ಸುಮ್ಮನಾಗುತ್ತದೆ, ಈಸ್ಟ್ರೋಜನ್ ಇಳಿಯುತ್ತದೆ, ಮುಟ್ಟು ನಿಲ್ಲುತ್ತದೆ. ಥೈರಾಯ್ಡ್‌ನ ಟಿ3 ಎಂಬ ಹಾರ್ಮೋನು ಕೂಡ ತಗ್ಗುತ್ತದೆ, ಕಾರ್ಟಿಸಾಲ್ ಏರುತ್ತದೆ. ಮುಟ್ಟು ಬಾರದಿದ್ದರೆ ಏನು ನಷ್ಟ ಎಂದು ನಿನಗೆ ಅನ್ನಿಸಬಹುದು. ನಷ್ಟ ಮೂಳೆಯದು. ನಿನ್ನ ವಯಸ್ಸಿನಲ್ಲಿ ಮೂಳೆ ಬಲವನ್ನು ಕೂಡಿಟ್ಟುಕೊಳ್ಳುತ್ತಿರುತ್ತದೆ, ಅದಕ್ಕೆ ಈಸ್ಟ್ರೋಜನ್ ಬೇಕೇ ಬೇಕು. ಇಲ್ಲದಿದ್ದರೆ ಮೊಣಕಾಲ ಕೆಳಗಿನ ಮೂಳೆಯಲ್ಲಿ, ಪಾದದಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಆಗ ತಿಂಗಳುಗಟ್ಟಲೆ ಟ್ರ್ಯಾಕ್ ನೋಡುವಂತಿಲ್ಲ. ಒಲಿಂಪಿಕ್ ಸಮಿತಿಯವರೇ 2014ರಲ್ಲಿ ಇದಕ್ಕೊಂದು ಹೆಸರು ಕೊಟ್ಟು ಎಚ್ಚರಿಸಿದ್ದಾರೆ, ಹುಡುಗರಿಗೂ ಸೇರಿಸಿ.

ಇದೇ ಕಾರಣ ಎಂದು ನಾನು ಇಲ್ಲಿಂದ ತೀರ್ಪು ಕೊಡಲಾರೆ. ಸ್ತ್ರೀರೋಗ ವೈದ್ಯರು ಗರ್ಭದ ಪರೀಕ್ಷೆ, ಥೈರಾಯ್ಡ್, ಪ್ರೊಲ್ಯಾಕ್ಟಿನ್ ಎಲ್ಲ ನೋಡುತ್ತಾರೆ. ಎಲ್ಲರಿಗೂ ಮಾಡಿಸುವ ಪರೀಕ್ಷೆಗಳು ಅವು, ಬೇಸರ ಮಾಡಿಕೊಳ್ಳಬೇಡ. ಬರೀ ಮುಟ್ಟು ಬರಿಸುವ ಮಾತ್ರೆ ಕೊಟ್ಟು ಕಳಿಸಿದರೆ, ಓಟ ಮತ್ತು ಊಟದ ವಿಷಯ ನೀನೇ ಬಾಯಿಬಿಟ್ಟು ಹೇಳು. ಇವತ್ತು ರಾತ್ರಿಯಿಂದಲೇ ಊಟ ಮಾಡು. ಹಾಸ್ಟೆಲಿನ ಮುದ್ದೆ, ಕಾಳಿನ ಸಾರು, ಮೊಟ್ಟೆ ಸಿಕ್ಕಿದರೆ ಎರಡು, ಮೈದಾನಕ್ಕೆ ಹೋಗುವಾಗ ಕೈಯಲ್ಲಿ ಬಾಳೆಹಣ್ಣು, ಕಡಲೆಕಾಯಿ. ವಾರಕ್ಕೆ ಒಂದು ದಿನ ಪೂರ್ತಿ ರಜ, ಡಾಕ್ಟರು ನೋಡುವವರೆಗೆ ಸಂಜೆಯ ಓಟ ಬೇಡ. ಅಮ್ಮನಿಗೆ ಹೇಳು. ಬೈದರೆ ಈ ಪುಟ ತೋರಿಸು.

ಪ್ರಶ್ನೆ: ವಯಸ್ಸು 52, ಮಂಡ್ಯ. ಅತ್ತೆಗೆ ಮರೆವಿನ ಕಾಯಿಲೆ, ರಾತ್ರಿ ಮೂರು ನಾಲ್ಕು ಸಲ ಏಳುತ್ತಾರೆ, ನೋಡಿಕೊಳ್ಳುವವಳು ನಾನೊಬ್ಬಳೇ. ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತೇ ಇರುತ್ತೇನೆ. ಆದರೂ ಹೊಟ್ಟೆ ಬರುತ್ತಿದೆ, ಬಿಪಿ ಶುರುವಾಗಿದೆ. ಡಾಕ್ಟರು ವ್ಯಾಯಾಮ ಮಾಡಿ ಅಂತಾರೆ. ಮನೆಗೆಲಸ ವ್ಯಾಯಾಮ ಅಲ್ಲವೇ?

ಉತ್ತರ: ವ್ಯಾಯಾಮವೇ. ಅಲ್ಲ ಎಂದು ಹೇಳಿದವರು ಒಂದು ದಿನ ನಿಮ್ಮ ಮನೆಯಲ್ಲಿ ಹಾಸಿಗೆ ಒಗೆದು ನೋಡಲಿ. ಕಷ್ಟ ಬೇರೆ ಕಡೆ ಇದೆ. ನಿಮ್ಮ ಕೆಲಸಕ್ಕೆ ಮುಕ್ತಾಯವಿಲ್ಲ. ಬೆಟ್ಟ ಹತ್ತಿದವರಿಗೆ ಇಳಿಯುವುದಿದೆ, ಓಡಿದವರಿಗೆ ನಿಲ್ಲುವುದಿದೆ. ನಿಮಗೆ ರಾತ್ರಿಯೂ ಕಿವಿ ಅತ್ತೆಯ ಕೋಣೆಯ ಕಡೆಗೇ. ನಿದ್ದೆ ಕೆಟ್ಟವರಲ್ಲಿ ಕಾರ್ಟಿಸಾಲ್ ಸಂಜೆಯ ಹೊತ್ತಿಗೆ ಇಳಿಯಬೇಕಾದಷ್ಟು ಇಳಿಯುವುದಿಲ್ಲ. ಹಸಿವು ಹೆಚ್ಚಿಸುವ ಗ್ರೆಲಿನ್ ಏರುತ್ತದೆ, ಸಾಕು ಎನ್ನುವ ಲೆಪ್ಟಿನ್ ತಗ್ಗುತ್ತದೆ. ರಾತ್ರಿ ಹನ್ನೊಂದಕ್ಕೆ ಡಬ್ಬಿಯಲ್ಲಿದ್ದ ಕೋಡುಬಳೆಗೆ ಕೈ ಹೋದರೆ ಅದು ನಿಮ್ಮ ಚಪಲವಲ್ಲ. ಕಾರ್ಟಿಸಾಲ್ ಹೆಚ್ಚು ಕಾಲ ಮೇಲಿದ್ದರೆ ಕೊಬ್ಬು ಸೇರುವುದು ಹೊಟ್ಟೆಯ ಒಳಭಾಗಕ್ಕೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಈಸ್ಟ್ರೋಜನ್ ಇಳಿದು ಅದೂ ಹೊಟ್ಟೆಗೇ ದಾರಿ ಮಾಡುತ್ತದೆ.

ಹಾಗಾಗಿ ನನ್ನ ಚೀಟಿಯಲ್ಲಿ ಮೊದಲ ಔಷಧ ವಾಕಿಂಗ್ ಅಲ್ಲ, ವಾರದಲ್ಲಿ ಎರಡು ರಾತ್ರಿ ಅತ್ತೆಯ ಕೋಣೆಯಲ್ಲಿ ಅವರ ಮಗ ಮಲಗುವುದು. ಹೌದು, ನಿಮ್ಮ ಯಜಮಾನರು. ಅವರಿಗೆ ಬಿಪಿ ಇಲ್ಲ ಎಂದು ನೀವೇ ಬರೆದಿದ್ದೀರಿ, ತಡೆದುಕೊಳ್ಳುತ್ತಾರೆ. ಎರಡನೆಯದು, ಮಧ್ಯಾಹ್ನ ಮತ್ತು ರಾತ್ರಿ ಊಟವಾದ ಮೇಲೆ ಹತ್ತು ಹತ್ತು ನಿಮಿಷ ಮನೆಯ ಹೊರಗೆ, ಬೀದಿಯಲ್ಲಿ, ಒಬ್ಬರೇ ನಡೆಯುವುದು. ಮೊಬೈಲ್ ಒಳಗಿರಲಿ. ಮೂರನೆಯದು, ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಹತ್ತರಂತೆ ಎರಡು ಮೂರು ಸಲ. ತೊಡೆಯ ಸ್ನಾಯು ಮೈಯಲ್ಲೇ ದೊಡ್ಡದು, ಸಕ್ಕರೆ ನುಂಗುವುದರಲ್ಲಿ ಅದಕ್ಕೆ ಸಮ ಇಲ್ಲ. ಬಿಪಿ ಮಾತ್ರೆ ಕೊಟ್ಟಿದ್ದರೆ ಬಿಡಬೇಡಿ.

ಪ್ರಶ್ನೆ: ನನಗೆ ತುಂಬಾ ಸ್ಟ್ರೆಸ್. ಕಾರ್ಟಿಸಾಲ್ ಟೆಸ್ಟ್ ಮಾಡಿಸಿ, ಆನ್‌ಲೈನ್‌ನಲ್ಲಿ ಸಿಗುವ ಕಾರ್ಟಿಸಾಲ್ ಇಳಿಸುವ ಪುಡಿ ತಗೊಳ್ಳಲೇ?

ಉತ್ತರ: ಎರಡೂ ಬೇಡ. ಬೆಳಿಗ್ಗೆ ಎಂಟಕ್ಕೆ ಒಂದು, ಸಂಜೆ ನಾಲ್ಕಕ್ಕೆ ಒಂದು, ಲ್ಯಾಬಿನ ಸೂಜಿ ನೋಡಿ ಹೆದರಿದರೆ ಇನ್ನೊಂದು ಬರುವ ಅಂಕಿಯಿಂದ ನಿಮ್ಮ ಮನಸ್ಸಿನ ಭಾರ ಅಳೆಯಲಾಗದು. ಮುಖ ಚಂದ್ರನ ಹಾಗೆ ಗುಂಡಗಾಗಿ, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆ ಮೂಡಿ, ಸುಮ್ಮನೆ ತಾಗಿದರೂ ಚರ್ಮ ಕಂದುಗಟ್ಟಿ, ಕುಕ್ಕರಗಾಲಿನಿಂದ ಏಳಲು ಆಗದಿದ್ದರೆ ಆಗ ನಾವೇ ಟೆಸ್ಟ್ ಬರೆಯುತ್ತೇವೆ. ಅದು ಕುಶಿಂಗ್ ಕಾಯಿಲೆಯ ಗುರುತು, ಅಪರೂಪದ್ದು. ಪುಡಿಯ ದುಡ್ಡಿನಲ್ಲಿ ಒಂದು ಜೊತೆ ಒಳ್ಳೆಯ ಶೂ ತಗೊಂಡು ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯಿರಿ. ಎರಡು ವಾರ ದಾಟಿದರೂ ನಿದ್ದೆ, ಊಟ, ಕೆಲಸ ಯಾವುದೂ ಬೇಡ ಅನ್ನಿಸುತ್ತಿದ್ದರೆ ಮನೋವೈದ್ಯರನ್ನು ಕಾಣಿ. ನಾಚಿಕೆಯ ವಿಷಯವೇನಲ್ಲ.

ಪ್ರಶ್ನೆ: ವಯಸ್ಸು 22, ಜಿಮ್‌ಗೆ ಹೋಗಿ ಐದು ತಿಂಗಳಾಯಿತು. ಭಾರ ಎತ್ತಿದರೆ ಟೆಸ್ಟೋಸ್ಟಿರಾನ್ ಹೆಚ್ಚುತ್ತದಂತೆ, ಆದರೂ ಮೈ ಬರುತ್ತಿಲ್ಲ. ಜಿಮ್ಮಿನಲ್ಲಿ ಪರಿಚಯದವರೊಬ್ಬರು ಇಂಜೆಕ್ಷನ್ ಕೊಡಿಸುತ್ತೇನೆ ಅಂತಿದ್ದಾರೆ. ಬಾಟಲಿಯ ಫೋಟೋ ಇಟ್ಟಿದ್ದೇನೆ.

ಉತ್ತರ: ಭಾರ ಎತ್ತಿದಾಗ ಟೆಸ್ಟೋಸ್ಟಿರಾನ್ ಏರುವುದು ನಿಜ. ಆದರೆ ಅರ್ಧ ಗಂಟೆ, ಒಂದು ಗಂಟೆಯೊಳಗೆ ಇದ್ದಲ್ಲಿಗೇ ಬರುತ್ತದೆ. ಮೈ ಬರುವುದು ಆ ಏರಿಳಿತದಿಂದಲ್ಲ. ಭಾರ ದಿನೇ ದಿನೇ ತುಸು ಹೆಚ್ಚಬೇಕು, ಬೇಳೆ ಮೊಟ್ಟೆ ಹಾಲು ಹೊಟ್ಟೆಗೆ ಬೀಳಬೇಕು, ರಾತ್ರಿ ಮಲಗಬೇಕು. ಬೆಳವಣಿಗೆಯ ಹಾರ್ಮೋನು ದೊಡ್ಡ ಪ್ರಮಾಣದಲ್ಲಿ ಬರುವುದು ರಾತ್ರಿಯ ಮೊದಲ ಗಾಢ ನಿದ್ದೆಯಲ್ಲಿ. ನೀವು ಮಲಗುವುದು ಎರಡು ಗಂಟೆಗೆ ಎಂದು ಬರೆದಿದ್ದೀರಿ. ನನ್ನ ಸೋದರಮಾವ ಮೈಸೂರಿನ ಗರಡಿಯಲ್ಲಿ ಸಾಮು ಮಾಡಿದವರು. ದಸರಾ ಕುಸ್ತಿಗೆ ಎರಡು ತಿಂಗಳಿದೆ ಅನ್ನುವಾಗಲೇ ರಾತ್ರಿ ಎಂಟಕ್ಕೆ ಊಟ, ಒಂಬತ್ತಕ್ಕೆ ದೀಪ ಆರಿಸುವುದು. ಮಧ್ಯಾಹ್ನ ಬಾದಾಮಿ ಅರೆದ ಹಾಲು ಕುಡಿದು ಮತ್ತೆ ಒಂದು ನಿದ್ದೆ. ಮಕ್ಕಳಾದ ನಮಗೆ ಆ ಹೊತ್ತಿನಲ್ಲಿ ಜಗಲಿಯ ಮೇಲೆ ಕುಂಟೆಬಿಲ್ಲೆ ಆಡಲು ಬಿಡುತ್ತಿರಲಿಲ್ಲ. ಅವರಿಗೆ ಟೆಸ್ಟೋಸ್ಟಿರಾನ್ ಎಂಬ ಹೆಸರು ಗೊತ್ತಿರಲಿಲ್ಲ, ಮಟ್ಟಿಯ ಕೆಮ್ಮಣ್ಣು ಗೊತ್ತಿತ್ತು.

ಇಂಜೆಕ್ಷನ್ ತೆಗೆದುಕೊಂಡರೆ ಮದ್ದೂರಿನವರ ಅಡ್ರಿನಲ್‌ಗೆ ಆದದ್ದೇ ನಿಮ್ಮ ವೃಷಣಕ್ಕೆ ಆಗುತ್ತದೆ. ಹೊರಗಿನಿಂದ ಬರುತ್ತಿದೆ ಎಂದು ಪಿಟ್ಯುಟರಿ ಸಂದೇಶ ನಿಲ್ಲಿಸುತ್ತದೆ, ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತದೆ, ಕೆಲವರಿಗೆ ಎದೆ ಬೆಳೆಯುತ್ತದೆ. ಫೋಟೋ ದೊಡ್ಡದು ಮಾಡಿ ನೋಡಿದೆ. ಬಾಟಲಿಯ ಮೇಲೆ ತಯಾರಕರ ವಿಳಾಸವೂ ಇಲ್ಲ, ಬ್ಯಾಚ್ ನಂಬರೂ ಇಲ್ಲ. ಈಗಾಗಲೇ ಒಂದೆರಡು ಚುಚ್ಚಿಸಿಕೊಂಡು ಆಮೇಲೆ ಈ ಪತ್ರ ಬರೆದಿದ್ದರೆ, ಮುಂದಿನದನ್ನು ಹಾಕಿಸಿಕೊಳ್ಳುವ ಮೊದಲು ಯಾವ ಸರ್ಕಾರಿ ಆಸ್ಪತ್ರೆಯಾದರೂ ಸರಿ, ಆ ಬಾಟಲಿ ಹಿಡಿದುಕೊಂಡು ಹೋಗಿ ತೋರಿಸಿ.